ಕೇರಿಗೆ ಬಂದ ವ್ಯಾನು

ಪುನಶ್ಚೇತನ ಸಮಿತಿಗೆ ನನ್ನನ್ನು ಸೇರಿಸಿಕೊಂಡ ಕಾರಣವನ್ನು ಅಧ್ಯಕ್ಷರು ಮುಚ್ಚಿಡಲಿಲ್ಲ. "ಮೇಡಂ, ನಿಮ್ ಕಡೆಯವರೂ ಒಬ್ರು ಇರ್ಬೇಕಲ್ಲ" ಎಂದು ಫೋನಿನಲ್ಲೇ ಹೇಳಿದರು. ನಾನು ಮಂಡ್ಯದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಅದು ಅವರಿಗೆ ಆಮೇಲೆ ಯಾರೋ ಹೇಳಿ ಗೊತ್ತಾಯಿತು. ಮಳವಳ್ಳಿ ತಾಲ್ಲೂಕಿನ ಕೇರಿಯೊಂದರಲ್ಲಿ ಹುಟ್ಟಿದವಳು ಎಂಬುದು ಮೊದಲೇ ಗೊತ್ತಿತ್ತು.

ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡು ಮಂಕಾಗಿದ್ದ ಮಂಡ್ಯ ಈಗ ಮತ್ತೆ ಎದ್ದು ಕೂತಿದೆ ಎಂಬುದು ಸಮಿತಿಯ ನಂಬಿಕೆ. ಎಬ್ಬಿಸಿದವರು ತಾವೇ ಎಂಬುದು ಅದಕ್ಕಿಂತ ಗಟ್ಟಿ ನಂಬಿಕೆ. ಸಭೆ ನಡೆಯುತ್ತಿದ್ದದ್ದು ಹೋಟೆಲೊಂದರ ತಣ್ಣನೆಯ ಸಭಾಂಗಣದಲ್ಲಿ. ಅಧ್ಯಕ್ಷರ ಭಾಷಣ ಯಾವಾಗಲೂ ಸ್ವಾತಂತ್ರ್ಯ ಹೋರಾಟದಲ್ಲಿ ಶಿವಪುರದಲ್ಲಿ ಬಾವುಟ ಹಾರಿಸಿದವರಿಂದ ಶುರುವಾಗುತ್ತಿತ್ತು, ಅವತ್ತು ಹಗ್ಗ ಎಳೆದವರು ತಾವೇ ಎನ್ನುವ ಹಾಗೆ. ಅವರು ಕೂತ ಮೇಲೆ ಬೆಂಗಳೂರಿನಿಂದ ಬಂದ ಸಲಹೆಗಾರ ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದ. 'ಸಮಾನತೆ' ಎಂದು ಹಸಿರು ಅಕ್ಷರದಲ್ಲಿ ಬರೆದು, ಕೆಳಗೆ ಹೊಲಿಗೆ ಯಂತ್ರದ ಮುಂದೆ ನಗುತ್ತ ಕೂತ ಹೆಂಗಸೊಬ್ಬಳನ್ನು ಅಂಟಿಸಿದ್ದ. ಅವಳು ನಮ್ಮ ಜಿಲ್ಲೆಯವಳಂತೂ ಅಲ್ಲ, ನಮ್ಮ ದೇಶದವಳೇ ಹೌದೋ ಅಲ್ಲವೋ ಎಂಬ ಅನುಮಾನ ನನಗೆ.

ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸು ನನ್ನ ಮನೆಯಲ್ಲೇ ಇದ್ದಳು. ನನ್ನ ಅಕ್ಕ. ಮದ್ದೂರಿನ ಹೊರಗೆ ಹೊಸದಾಗಿ ಬಂದ ಬಟ್ಟೆ ಕಾರ್ಖಾನೆಯಲ್ಲಿ ಶರ್ಟಿಗೆ ಕಾಲರ್ ಹೊಲಿಯುತ್ತಿದ್ದಳು. ನಮ್ಮ ಕೇರಿಯ ಹೆಂಗಸರು ಹೆಚ್ಚು ಕಮ್ಮಿ ಎಲ್ಲರೂ ಆ ಕಾಲರ್ ಸಾಲಿನಲ್ಲೇ ಇದ್ದರು. ಕಾರ್ಖಾನೆಯ ವ್ಯಾನು ಬೆಳಗ್ಗೆ ಊರಿಗೆ ಬಂದು ಊರೊಳಗಿನ ಅರಳಿಕಟ್ಟೆಯ ಹತ್ತಿರ ನಿಲ್ಲುತ್ತಿತ್ತು. ಕೇರಿ ಇರುವುದು ನಾಲೆಯ ಆಚೆ. ಇವರು ನಾಲೆ ಏರಿಯ ಮೇಲೆ ನಡೆದು ಅಲ್ಲಿಗೆ ಹೋಗುವ ಹೊತ್ತಿಗೆ ಊರಿನ ಹೆಂಗಸರು ಸೀಟುಗಳಲ್ಲಿ ಕೂತಾಗಿರುತ್ತಿತ್ತು. ಮದ್ದೂರಿನವರೆಗೆ ನಿಂತೇ ಪಯಣ. ಒಮ್ಮೊಮ್ಮೆ ವ್ಯಾನು ಇವರನ್ನು ಬಿಟ್ಟೇ ಹೊರಡುತ್ತಿತ್ತು, ಅವತ್ತಿನ ಅರ್ಧ ಕೂಲಿ ಖೋತಾ.

"ಡ್ರೈವರ್‌ನ ಕೇಳ್ದೆ ಕಣೇ" ಎಂದು ಅಕ್ಕ ಒಂದು ಭಾನುವಾರ ಹೇಳಿದಳು. "ನಿಮ್ ಕೇರೀಲಿ ವ್ಯಾನ್ ತಿರುಗ್ಸಕ್ಕೆ ಜಾಗ ಇಲ್ಲ ಕಣಮ್ಮ ಅಂದ. ಕಬ್ಬಿನ ಲಾರಿ ತಿರುಗ್ತದೆ, ಎಲೆಕ್ಷನ್ ಬಂದ್ರೆ ಜೀಪು ತಿರುಗ್ತದೆ, ನಿನ್ ವ್ಯಾನ್ ಮಾತ್ರ ತಿರುಗಲ್ವಾ ಅಂದೆ. ಗಾಡಿ ಸ್ಟಾರ್ಟ್ ಮಾಡ್ಬುಟ್ಟ."

ಇದನ್ನು ಸಮಿತಿಯ ಮುಂದಿಟ್ಟೆ. ಎಲ್ಲರೂ ಬಿಸ್ಕತ್ತು ತಿನ್ನುವುದನ್ನು ಒಂದು ಗಳಿಗೆ ನಿಲ್ಲಿಸಿದರು. ಅಕ್ಕಿ ಗಿರಣಿಯ ಮಾಲೀಕರೊಬ್ಬರು, ಗೇಟಿನಿಂದ ಈ ಸಭಾಂಗಣಕ್ಕೂ ಕಾರಿನಲ್ಲೇ ಬಂದವರು, "ಬೆಳಗ್ಗೆ ನಡೆಯೋದು ಆರೋಗ್ಯಕ್ಕೆ ಒಳ್ಳೇದು ಮೇಡಂ" ಎಂದರು. ಒಂದಿಬ್ಬರು ನಕ್ಕರು. ಸಲಹೆಗಾರ ಮಾತ್ರ ಗಂಭೀರವಾಗಿ ತಲೆಯಾಡಿಸಿ, ಇದು 'ಕೊನೆಯ ಮೈಲಿಯ ಸಂಪರ್ಕ'ದ ಸಮಸ್ಯೆ ಎಂದ. ಸಮಸ್ಯೆಗೆ ಹೆಸರಿಟ್ಟಿದ್ದರಿಂದ ಅವನಿಗೆ ಅದು ಮುಗಿದೇ ಹೋಯಿತು. ಇದು ಮೈಲಿಯದಲ್ಲ, ಮೈಲಿಗೆಯದು ಎಂದು ನಾನು ಹೇಳಿದೆ. ಅಧ್ಯಕ್ಷರು ಟೀ ತರಿಸಿದರು.

ಎರಡು ತಿಂಗಳಾದ ಮೇಲೆ ಸಮಿತಿಯ ಪರಿಹಾರ ಊರಿಗೆ ಬಂತು. ಅರಳಿಕಟ್ಟೆಯ ಪಕ್ಕದಲ್ಲೇ, ಎಂದರೆ ವ್ಯಾನು ಮೊದಲಿನಿಂದಲೂ ನಿಲ್ಲುತ್ತಿದ್ದ ಜಾಗದಲ್ಲೇ, ಉಕ್ಕಿನ ಬಸ್ ತಂಗುದಾಣ. ಮೇಲುಗಡೆ ಸಮಿತಿಯವರೆಲ್ಲರ ಫೋಟೊ. ನನ್ನದೂ ಇತ್ತು, ತುದಿಯಲ್ಲಿ.

"ನಿನ್ ಮೊಕ ಚೆನ್ನಾಗ್ ಬಂದದೆ" ಎಂದಳು ಅಕ್ಕ. "ಅದ್ರ ಕೆಳ್ಗೆ ಊರ್ ನಾಯಿ ಮಲ್ಗ್ತದೆ. ಇನ್ಮೇಲೆ ನಿಮ್ ಸಮಿತಿಗೇನೂ ಏಳ್ಬ್ಯಾಡ ಬುಡು. ನಾವೇ ನೋಡ್ಕತೀವಿ."

ಮುಂದಿನ ಸೋಮವಾರ ಕಾಲೇಜಿಗೆ ರಜೆ ಇದ್ದುದರಿಂದ ನಾನು ಊರಲ್ಲೇ ಉಳಿದಿದ್ದೆ. ಕೇರಿಯ ಹೆಂಗಸರು ಎಂದಿನಂತೆ ತಲೆ ಬಾಚಿ, ಹೂ ಮುಡಿದು, ಊಟದ ಡಬ್ಬಿ ಹಿಡಿದು ಹೊರಟರು. ಆದರೆ ನಾಲೆ ದಾಟಲಿಲ್ಲ. ಕೇರಿಯ ಬಾಯಲ್ಲಿರುವ ಹೊಂಗೆ ಮರದ ಕೆಳಗೆ ಕೂತರು. ಕೂಗಾಟವಿಲ್ಲ, ಫಲಕವಿಲ್ಲ. ವ್ಯಾನು ಅರಳಿಕಟ್ಟೆಯ ಹತ್ತಿರ ಹಾರ್ನ್ ಹೊಡೆದು ಹೊಡೆದು ಹೋಯಿತು. ಬಿಸಿಲು ಏರಿದ ಮೇಲೆ ಅಕ್ಕನ ಫೋನಿಗೆ ಸೂಪರ್‌ವೈಸರ್ ಕರೆ ಮಾಡಿದ.

"ಯಾಕಮ್ಮ ಯಾರೂ ಬಂದಿಲ್ಲ?"

"ನಾವ್ ರೆಡಿ ಆಗಿ ಕೂತೀವಿ ಸಾರ್. ವ್ಯಾನೇ ಬಂದಿಲ್ಲ."

"ಬಂದಿತ್ತಲ್ಲಮ್ಮ, ಊರಿಗೆ."

"ನಾವೂ ಊರೇ ಸಾರ್. ನಮ್ ಕೇರಿಗ್ ಬಂದ್ರೆ ಟೈರೇನು ಮೈಲ್ಗೆ ಆಯ್ತದಾ?"

ಅವನು ಫೋನಿಟ್ಟ. ಅವತ್ತು ಕಾರ್ಖಾನೆಯಲ್ಲಿ ಕಾಲರ್ ಇಲ್ಲದ ಶರ್ಟುಗಳು ರಾಶಿ ಬಿದ್ದವಂತೆ. ಮಂಗಳವಾರವೂ ಹಾಗೇ ಆಯಿತು. ಬುಧವಾರ ವ್ಯಾನು ನಾಲೆ ದಾಟಿ ಬಂದು, ಜಾಗವಿಲ್ಲದ ಜಾಗದಲ್ಲಿ ಸಲೀಸಾಗಿ ತಿರುಗಿ, ಹೊಂಗೆ ಮರದ ಕೆಳಗೆ ನಿಂತಿತು. ಕೇರಿಯವರನ್ನು ಹತ್ತಿಸಿಕೊಂಡು ಆಮೇಲೆ ಅರಳಿಕಟ್ಟೆಗೆ ಹೋಯಿತು.

ಊರಿನ ಹೆಂಗಸರು ಅವತ್ತು ಹತ್ತಲಿಲ್ಲ. ಒಳಗೆ ಇಣುಕಿ, ಯಾರು ಎಲ್ಲಿ ಕೂತಿದ್ದಾರೆಂದು ನೋಡಿ, ಮುಖ ಸಿಂಡರಿಸಿ ಮನೆಗೆ ಹೋದರು. ಮಾರನೆಯ ದಿನವೂ ಹಾಗೇ. ಕೂಲಿ ಹೋಗುವುದು ಖಾತ್ರಿಯಾದಾಗ ಅವರ ಮಡಿಯೂ ಸಡಿಲವಾಯಿತು. ಶುಕ್ರವಾರ ಒಬ್ಬೊಬ್ಬರಾಗಿ ಹತ್ತಿ, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ನಿಂತರಂತೆ. ಊರ ಪಂಚಾಯ್ತಿ ಸದಸ್ಯನ ಹೆಂಡತಿಗೆ ನಿಲ್ಲುವ ಅಭ್ಯಾಸವಿರಲಿಲ್ಲ. ಹನುಮಂತನ ಗುಡಿ ದಾಟುವಷ್ಟರಲ್ಲಿ ಅಕ್ಕನ ಪಕ್ಕದ ಖಾಲಿ ಸೀಟನ್ನೇ ನೋಡತೊಡಗಿದಳು.

"ವಸಿ ಸರ್ಕೊ" ಎಂದಳಂತೆ ಕೊನೆಗೆ.

ಅಕ್ಕ ಕಾಲು ಮಾತ್ರ ಸರಿಸಿದಳು. ಸದಸ್ಯನ ಹೆಂಡತಿ ಅಕ್ಕನ ಮೊಣಕಾಲು ದಾಟಿ ಒಳಗಿನ ಸೀಟಿನಲ್ಲಿ ಕೂತಳು.

ಮುಂದಿನ ಸಭೆಯಲ್ಲಿ ಪರದೆಯ ಮೇಲೆ ನಮ್ಮ ಹೊಂಗೆ ಮರ ಬಂತು, ಪಕ್ಕದಲ್ಲಿ ವ್ಯಾನು. ಸಮಿತಿಯ ಪ್ರಯತ್ನದಿಂದ ಸಮಾನತೆ ಕೇರಿಯ ಬಾಗಿಲಿಗೇ ಬಂದಿದೆ ಎಂದು ಸಲಹೆಗಾರ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಗಿರಣಿ ಮಾಲೀಕರು ಎಲ್ಲರಿಗಿಂತ ಜೋರಾಗಿ. ಅಧ್ಯಕ್ಷರು ನನ್ನತ್ತ ತಿರುಗಿ, "ಮೇಡಂ, ಫಲಾನುಭವಿಗಳ ಪರವಾಗಿ ಎರಡು ಮಾತು" ಎಂದರು.

ನಾನು ಎದ್ದು ನಿಂತೆ. ಸಮಿತಿ ಮಾಡಿದ್ದು ಒಂದು ನಾಯಿಗೆ ನೆರಳು, ಉಳಿದದ್ದನ್ನು ಕಾಲರ್ ಹೊಲಿಯುವವರು ಮಾಡಿದರು ಎಂದು ಹೇಳಿದೆ. ಕೇರಿಯಿಂದ ಇವತ್ತಿನವರೆಗೆ ಒಬ್ಬಳನ್ನೂ ಸೂಪರ್‌ವೈಸರ್ ಮಾಡಿಲ್ಲ, ಅದಕ್ಕೆ ನಿಮ್ಮಲ್ಲಿ ಏನು ಹೆಸರಿದೆ ಎಂದು ಸಲಹೆಗಾರನನ್ನು ಕೇಳಿದೆ. ಅವನು ಉತ್ತರಕ್ಕಾಗಿ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಗಡಿಯಾರ ನೋಡಿದರು. ಊಟದ ಹೊತ್ತಾಗಿತ್ತು, ಎಲ್ಲರೂ ಎದ್ದರು.

ಆಮೇಲೆ ನನಗೆ ಸಭೆಯ ಕರೆ ಬರಲಿಲ್ಲ. ಸಮಿತಿಯವರು ನಮ್ಮ ಕಡೆಯವರೇ ಆದ ಇನ್ನೊಬ್ಬರನ್ನು, ಕಡಿಮೆ ಮಾತಾಡುವವರನ್ನು, ಹುಡುಕಿಕೊಂಡರೆಂದು ಕೇಳಿದೆ.