ಗ್ಲೆಂಡಾಳ ಕಾರು ಜಪ್ತಿಯಾದದ್ದು

ಗ್ಲೆಂಡಾ ಥರ್ಸ್ಬಿಯ ಕಾರನ್ನು ಜಪ್ತಿಯವರು ಎತ್ತಿಕೊಂಡು ಹೋದ ಬೆಳಿಗ್ಗೆ ನಾನು ಹಾಲಿನ ಬಾಟಲಿ ಒಳಗಿಡಲು ಬಾಗಿಲು ತೆರೆದಿದ್ದೆ. ಫೆಬ್ರವರಿಯಲ್ಲಿ ಗ್ರಿಮ್ಸ್‌ಬಿಯ ಬೆಳಗು ಅಂದರೆ ಹೆಸರಿಗಷ್ಟೇ. ಬೀದಿ ದೀಪ ಇನ್ನೂ ಆರಿರಲಿಲ್ಲ. ಗಾಳಿಯಲ್ಲಿ ಹೊಗೆ ಹಾಕಿದ ಮೀನಿನ ವಾಸನೆ. ಆ ಬೆಳಕಿನಲ್ಲಿ ಇಬ್ಬರು ಗಂಡಸರು ಅವಳ ಹಳೆಯ ಕೆಂಪು ಕಾರಿನ ಮುಂದಿನ ಚಕ್ರಗಳಿಗೆ ಪಟ್ಟಿ ಬಿಗಿಯುತ್ತಿದ್ದರು. ಹಿಂದೆ ಲಾರಿಯೊಂದು ಗುರುಗುಟ್ಟುತ್ತ ನಿಂತಿತ್ತು.

ಗ್ಲೆಂಡಾ ನಮ್ಮ ಮಹಡಿಯ ಮೇಲಿನ ಬಾಡಿಗೆಯವಳು. ಐವತ್ತೆಂಟರ ಹೆಂಗಸು. ಮನೆ ಬಿಟ್ಟು ಹೊರಗೆ ಬರಲಾಗದ ಮುದುಕಿಯರಿದ್ದಲ್ಲಿಗೇ ಹೋಗಿ ಅವರ ತಲೆ ತೊಳೆದು, ಕೂದಲು ಕತ್ತರಿಸಿ, ಗುಂಗುರಾಗಲು ರೋಲರ್ ಸುತ್ತಿ, ಒಣಗಿಸಿ ಬರುವುದು ಅವಳ ಕೆಲಸ. ತಲೆಯ ಮೇಲೆ ಬುಟ್ಟಿಯಂತೆ ಕವುಚುವ ದೊಡ್ಡ ಡ್ರೈಯರು ಸದಾ ಆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿರುತ್ತಿತ್ತು. ಈಗಲೂ ಇತ್ತು.

ಅವಳು ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು ಕಾಲುದಾರಿಯಲ್ಲಿ ನಿಂತಿದ್ದಳು. ಬಾಯಿ ಬಿಡಲಿಲ್ಲ. ಹಾಗಾಗಿ ನಾನೇ ಬಿಟ್ಟೆ.

"ಏನ್ರಪ್ಪಾ, ಮುದುಕೀರ ತಲೆ ಬಾಚೋಳ ಕಾರು ಎಳ್ಕೊಂಡು ಹೋಗೋಕೆ ಇಬ್ರು ಗಂಡಸ್ರು ಬೇಕಾಯ್ತಾ? ನಿಮ್ಮಮ್ಮ ಕೇಳಿದ್ರೆ ಏನಂತ ಹೇಳ್ತೀರಿ?"

ದಪ್ಪಗಿದ್ದವನು ತಲೆ ಎತ್ತದೆ ಹೇಳಿದ: "ನಮ್ಮಮ್ಮ ಪಾರ್ಕಿಂಗ್ ದಂಡ ಟೈಮಿಗೆ ಕಟ್ತಾಳೆ ಮೇಡಂ."

"ಗ್ಲೆಂಡಾ, ಅದು ನಿನ್ನ ಕೆಲಸದ ಗಾಡಿ ಅಂತ ಹೇಳೇ!"

"ಪತ್ರ ಹಾಕಿದೀವಿ, ಎರಡು ಸಲ ಬಂದು ಬಾಗಿಲು ತಟ್ಟಿದೀವಿ," ಅಂದ ಅವನು, ಈಗ ಸ್ವಲ್ಪ ಮೆತ್ತಗೆ. "ಏನಿದ್ರೂ ಆಫೀಸಿಗೆ ಹೇಳ್ಕೊಳ್ಳಿ. ನಾವು ಬರೀ ಎತ್ಕೊಂಡು ಹೋಗೋರು."

ಗ್ಲೆಂಡಾ ತಲೆಯಾಡಿಸಿದಳು, ಅವನು ಹೇಳಿದ್ದೆಲ್ಲ ಸರಿ ಎಂಬಂತೆ. ಲಾರಿ ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದಳು. ನಾನು ಕೈ ಹಿಡಿದು ಒಳಗೆ ಕರೆತಂದು ಚಹಾ ಮಾಡಿಕೊಟ್ಟೆ.

ನನಗೆ ಅರ್ಥವಾಗದೇ ಇದ್ದದ್ದು ಒಂದೇ. ಬಾಡಿಗೆ, ಕರೆಂಟು, ನೀರು, ಯಾವುದನ್ನೂ ಒಂದು ದಿನ ತಡಮಾಡಿದವಳಲ್ಲ ಅವಳು. ನಮ್ಮ ಬೀದಿಯಲ್ಲಿ ಕೈಸಾಲ ಕೇಳದೆ ಬದುಕಿದ ಕೆಲವರಲ್ಲಿ ಒಬ್ಬಳು. ಮೊದಲೇ ಕಟ್ಟಿದ್ದರೆ ಒಂದು ದಿನದ ದುಡಿಮೆಯಲ್ಲಿ ಮುಗಿಯುತ್ತಿದ್ದ ದಂಡ ಅದು.

"ಪತ್ರ ಬಂದಿರಲಿಲ್ವೇನೇ?"

"ಬಂದಿತ್ತು. ಒಡೀದೆ ಕಸಕ್ಕೆ ಹಾಕ್ದೆ."

"ಯಾಕೆ?"

"ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿದೀಯ ಮೇವಿಸ್," ಅಂದಳು.

ಅದಾದ ಮೇಲೆ ಕೆಲವು ದಿನ ಕತ್ತರಿ, ಬಾಚಣಿಗೆಯ ಚೀಲ ಹಿಡಿದು ಬಸ್ಸಿನಲ್ಲಿ ಓಡಾಡಿದಳು. ಡ್ರೈಯರಿಲ್ಲದೆ ಒದ್ದೆ ತಲೆಯಲ್ಲಿ ಕೂತ ಮುದುಕಿಯರಿಗೆ ನೆಗಡಿಯಾಯಿತು. ಇಬ್ಬರು ಫೋನು ಮಾಡಿ, ಈ ವಾರ ಬೇಡ ಅಂದರು. ಕೊನೆಗೆ ನಾನೇ ಅವಳನ್ನು ಲೈಬ್ರರಿಯ ಹಿಂದಿನ ಕೋಣೆಗೆ ಎಳೆದುಕೊಂಡು ಹೋದೆ. ಅಲ್ಲಿ ಫಿಲಿಪ್ಪಾ ಎಂಬ ಹುಡುಗಿ ದುಡ್ಡು ತೆಗೆದುಕೊಳ್ಳದೆ ಕೋರ್ಟು ಕಚೇರಿಯ ವಿಷಯದಲ್ಲಿ ಸಲಹೆ ಕೊಡುತ್ತಾಳೆ.

ಎಲ್ಲ ಕೇಳಿ ಫಿಲಿಪ್ಪಾ ಹೇಳಿದಳು: "ಪೂರ್ತಿ ದುಡ್ಡು ಕಟ್ಟಿದ್ರೆ ನಾಳೇನೇ ಕಾರು ಬಿಡ್ತಾರೆ. ಆದ್ರೆ ನಂಗೆ ಕೇಳಿದ್ರೆ ಮೊದಲು ದಂಡ ಹಾಕಿದ ಕೌನ್ಸಿಲ್‌ಗೆ ಬರೀರಿ, ಮನ್ನಾ ಮಾಡಿ ಅಂತ. ಆವತ್ತು ಅಲ್ಲಿ ಯಾಕೆ ನಿಲ್ಲಿಸಿದ್ರಿ?"

"ಗಿರಾಕಿ ಮನೆ. ಅವರಿಗೆ ಹುಷಾರು ತಪ್ತು. ಆಂಬುಲೆನ್ಸಿನಲ್ಲಿ ಜೊತೆಗೆ ಹೋದೆ. ಕಾರು ಸಂಜೆವರೆಗೂ ಅಲ್ಲೇ ಇತ್ತು."

ಫಿಲಿಪ್ಪಾಳ ಮುಖ ಅರಳಿತು. "ಅಯ್ಯೋ, ಇದಕ್ಕಿಂತ ಒಳ್ಳೆ ಕಾರಣ ಬೇಕಾ? ಇದನ್ನ ಓದಿದ್ರೆ ಕಲ್ಲೂ ಕರಗುತ್ತೆ. ತಗೊಳ್ಳಿ ಪೆನ್ನು. ಎಷ್ಟೊತ್ತಿಗೆ ಹೋದ್ರಿ, ಅವರಿಗೆ ಯಾವಾಗ ಹುಷಾರು ತಪ್ತು, ನೀವು ಯಾವಾಗ ಆಂಬುಲೆನ್ಸಿಗೆ ಫೋನ್ ಮಾಡಿದ್ರಿ, ಎಲ್ಲಾ ಸಾಲಾಗಿ ಬರೀರಿ."

ಗ್ಲೆಂಡಾ ಪೆನ್ನು ಹಿಡಿದಳು. ಕಾಗದದ ಮೇಲೆ ತನ್ನ ಹೆಸರು ಬರೆದಳು. ಆಮೇಲೆ ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ನಿಂತಳು.

"ದುಡ್ಡೇ ಕಟ್ತೀನಿ," ಅಂದಳು.

ಸ್ಕೆಗ್‌ನೆಸ್‌ನಲ್ಲಿದ್ದ ಅವಳ ತಂಗಿ ಒಂದಿಷ್ಟು, ನಾನೊಂದಿಷ್ಟು ಸೇರಿಸಿ ಕಟ್ಟಿದ್ದಾಯಿತು. ಕಾರು ಡಾನ್‌ಕಾಸ್ಟರ್‌ನ ಆಚೆ ಯಾವುದೋ ಗೋದಾಮಿನಲ್ಲಿತ್ತು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ರೈಲು ಹತ್ತಿದೆ. ಕಿಟಕಿಯಾಚೆ ಹೊಲಗಳೆಲ್ಲ ನೀರು ನಿಂತು ಬೂದು ಬಣ್ಣಕ್ಕೆ ತಿರುಗಿದ್ದವು. ಸ್ಕನ್‌ಥಾರ್ಪ್ ದಾಟಿದ ಮೇಲೆ, ನಾನು ಏನೂ ಕೇಳದಿದ್ದರೂ, ಅವಳು ಮಾತು ಶುರು ಮಾಡಿದಳು.

"ಐವಿ ಕೆಟೆರಿಂಗ್‌ಹ್ಯಾಮ್ ಅಂತಿದ್ರು. ಪ್ರತಿ ಗುರುವಾರ ಹೋಗ್ತಿದ್ದೆ, ವರ್ಷಗಟ್ಟಲೆ. ಆವತ್ತು ರೋಲರ್ ಸುತ್ತಿ ಮುಗಿಸಿದ್ದೆ. ಎದೆ ಹಿಡ್ಕೊಂಡ್ರು. ಮುಖ ಮೇಣದ ಥರ ಆಯ್ತು. ನಾನು ಫೋನ್ ತೆಗ್ದೆ ಮೇವಿಸ್. ತೆಗ್ದೆ."

"ಸರಿ, ಮತ್ತೆ?"

"ಐವಿ ನನ್ನ ಕೈ ಹಿಡ್ಕೊಂಡ್ರು. 'ರೋಲರ್ ಹಾಕ್ಕೊಂಡು ಆಸ್ಪತ್ರೆಗೆ ಬರಲ್ಲ ಕಣೇ. ಆಂಬುಲೆನ್ಸ್ ಹುಡುಗರು ನಗ್ತಾರೆ. ಮೊದ್ಲು ಬಿಚ್ಚು, ಆಮೇಲೆ ಯಾರಿಗೆ ಬೇಕಾದ್ರೂ ಫೋನ್ ಮಾಡು' ಅಂದ್ರು. ಐವಿ ಹೇಳಿದ್ಮೇಲೆ ಆಯ್ತು, ಅವರ ಮಾತಿಗೆ ಎದುರಾಡಿ ಗೊತ್ತಿಲ್ಲ ನಂಗೆ. ಒಂದೊಂದೇ ಬಿಚ್ಚಿದೆ. ಬಾಚಿದೆ. ಸ್ಪ್ರೇ ಕೂಡ ಹೊಡೆದೆ. ಆಮೇಲೆ ಫೋನ್ ಮಾಡಿದ್ದು."

ನಾನು ಅವಳ ಮುಖ ನೋಡಲಿಲ್ಲ.

"ಸಂಜೆ ಹೋಗ್ಬಿಟ್ರು. ಮಗ ಕ್ಲೈವ್ ಬಂದವನು ಕಾರಿಡಾರಿನಲ್ಲಿ ಕೇಳ್ದ, 'ನೋವು ಶುರುವಾದ ತಕ್ಷಣ ಫೋನ್ ಮಾಡಿದ್ರಿ ಅಲ್ವಾ?' ಅಂತ. ನಾನು ಹೂಂ ಅಂದೆ. ವಾಪಸ್ ಬಂದ್ರೆ ಕಾರಿನ ಗಾಜಿನ ಮೇಲೆ ದಂಡದ ಹಳದಿ ಚೀಟಿ. ಅದರ ಮೇಲೆ ಟೈಮು ಬರೆದಿತ್ತು. ಅದನ್ನ ನೋಡೋಕೇ ಆಗ್ಲಿಲ್ಲ. ಆಮೇಲೆ ಬಂದ ಪತ್ರಗಳನ್ನೂ ನೋಡೋಕಾಗ್ಲಿಲ್ಲ."

"ಡಾಕ್ಟರೇ ಎದುರಿಗಿದ್ದಿದ್ರೂ ಉಳೀತಿರಲಿಲ್ವೇನೋ," ಅಂದೆ.

"ಇರಬಹುದು," ಅಂದಳು. "ಯಾರಿಗೆ ಗೊತ್ತು?"

ಗೋದಾಮಿನ ಅಂಗಳದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಒಂದರೊಳಗೆ ಮಗುವಿನ ಸೀಟು, ಇನ್ನೊಂದರಲ್ಲಿ ಬಣ್ಣದ ಡಬ್ಬಿಗಳು. ಕಿಟಕಿಯ ಹಿಂದೆ ಕೂತಿದ್ದ ಗಂಡಸು ಸ್ಯಾಂಡ್‌ವಿಚ್ ಅಗಿಯುತ್ತಲೇ ಅವಳ ಡ್ರೈವಿಂಗ್ ಲೈಸೆನ್ಸ್ ನೋಡಿ ಸಹಿ ಹಾಕುವ ಕಾಗದ ಸರಿಸಿದ. "ಎಡಗಡೆ ಕನ್ನಡಿ ಮುರಿದಿದೆ. ಬಂದಾಗ್ಲೇ ಹಂಗಿತ್ತು," ಅಂದ, ಯಾರೂ ಕೇಳುವ ಮುಂಚೆಯೇ.

ಹಂಗಿರಲಿಲ್ಲ. ನಾನು ಜಗಳಕ್ಕೆ ಸಿದ್ಧಳಾದೆ. ಗ್ಲೆಂಡಾ ನನ್ನ ತೋಳು ಹಿಡಿದು ಎಳೆದಳು.

ಕಾರಿನೊಳಗೆ ತೇವದ ವಾಸನೆ. ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ನೆಟ್ಟಗೆ ಮನೆಗೆ ಹೋಗುತ್ತೇವೆ ಅಂದುಕೊಂಡು ನಾನು ಕಣ್ಣು ಮುಚ್ಚಿದ್ದೆ. ಎಚ್ಚರವಾದಾಗ ಕಾರು ಬ್ರಿಗ್ ಊರಿನ ಒಂದು ಮನೆಯ ಎದುರು ನಿಂತಿತ್ತು.

"ಕ್ಲೈವ್ ಮನೆ," ಅಂದಳು.

"ಗ್ಲೆಂಡಾ, ಬೇಡ ಕಣೇ. ಸತ್ತೋರು ಸತ್ತಾಯ್ತು. ಈಗ ಹೇಳಿ ಯಾರಿಗೇನು ಸಿಗುತ್ತೆ?"

ಅವಳು ಇಳಿದು ಹೋದಳು. ನಾನು ಗಾಜು ಇಳಿಸಿದೆ. ಕ್ಲೈವ್ ಬಾಗಿಲು ತೆರೆದ. ಎತ್ತರದ ಮನುಷ್ಯ, ಮೈಮೇಲೆ ಕೆಲಸದ ಬಟ್ಟೆ. ಗುರುತು ಹಿಡಿದು ನಕ್ಕ. ಒಳಗೆ ಬನ್ನಿ ಅಂದ. ಗ್ಲೆಂಡಾ ಹೊಸ್ತಿಲಲ್ಲೇ ನಿಂತು ಹೇಳಿದಳು. ಗಾಳಿಗೆ ಅರ್ಧ ಮಾತು ಹಾರಿಹೋಯಿತು, ಆದರೆ ಅವನ ನಗು ಹೇಗೆ ಆರಿತು ಅನ್ನುವುದನ್ನು ನಾನು ಪೂರ್ತಿ ನೋಡಿದೆ.

ಅವನು ಕೇಳಿದ: "ಎಷ್ಟು ಹೊತ್ತು?"

"ಕಾಲು ಗಂಟೆ ಇರಬಹುದು. ಜಾಸ್ತಿ ಇಲ್ಲ."

ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. "ಆವತ್ತು ಅಮ್ಮನ ಕೂದಲು ಚೆನ್ನಾಗಿತ್ತು," ಅಂದ. "ಮಂಚದ ಮೇಲೆ ನೋಡ್ದೆ. ಎಲ್ಲಿಗೋ ಹೊರಟೋರ ಥರ ಇತ್ತು. ಚೆನ್ನಾಗಿದೆಯಲ್ಲ ಅನ್ನಿಸ್ತು ನಂಗೆ ಆಗ."

"ಕ್ಲೈವ್..."

"ನೀವು ಹೇಳ್ದೇ ಇದ್ದಿದ್ರೆ ಒಳ್ಳೇದಿತ್ತು. ಇನ್ನು ಬರಬೇಡಿ."

ಬಾಗಿಲನ್ನು ಬಡಿಯಲಿಲ್ಲ ಅವನು. ಮೆಲ್ಲಗೆ ಮುಚ್ಚಿದ.

ಹೇಳಿದ್ದರಿಂದ ಹಗುರಾಯಿತೇ ಎಂದು ಆಮೇಲೊಮ್ಮೆ ಕೇಳಿದೆ. "ಇಲ್ಲ," ಅಂದಳು. "ಈಗ ಅವನಿಗೂ ಅದೇ ಭಾರ, ಅಷ್ಟೇ."

ಕಾರು ಬಂತು, ಡ್ರೈಯರು ಬಂತು, ಕೆಲಸ ಮತ್ತೆ ಶುರುವಾಯಿತು. ಆದರೆ ಗ್ಲೆಂಡಾ ಮೊದಲಿನ ಗ್ಲೆಂಡಾ ಆಗಲಿಲ್ಲ. ಯಾರಾದರೂ ಮುದುಕಿ ಕೂತಲ್ಲೇ ಉಸ್ಸೆಂದರೆ ಸಾಕು, ಸಾಬೂನಿನ ಕೈಯಲ್ಲೇ ಫೋನು ಎತ್ತುತ್ತಿದ್ದಳು. ಒಬ್ಬಳಿಗೆ ಬರೀ ಆಕಳಿಕೆ ಬಂದಿತ್ತಂತೆ. ಆಂಬುಲೆನ್ಸಿನವರು ಬಂದು ಬೈದು ಹೋದರು. "ಆ ಹೆಂಗಸು ನನ್ನ ತಲೆ ಬಾಚೋಕೆ ಬರ್ತಾಳೋ, ಸಾಯೋದನ್ನ ಕಾಯೋಕೆ ಬರ್ತಾಳೋ?" ಎಂದು ಮುದುಕಿ ಊರೆಲ್ಲ ಹೇಳಿಕೊಂಡು ಬಂದಳು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆಯವರನ್ನು ಕರೆಯತೊಡಗಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಕಾರನ್ನು ಗುಜರಿಯವನಿಗೆ ಕೊಟ್ಟಳು.

ಈಗ ಮೀನು ಕತ್ತರಿಸಿ ಪ್ಯಾಕ್ ಮಾಡುವ ಕಾರ್ಖಾನೆಗೆ ಹೋಗುತ್ತಾಳೆ. ನನ್ನ ದುಡ್ಡು ತೀರಿಸಿದ್ದಾಳೆ. ಭಾನುವಾರ ಕೆಳಗಿಳಿದು ಬರುತ್ತಾಳೆ. ಚಹಾ ಕುಡಿಯುತ್ತೇವೆ, ಟಿವಿ ನೋಡುತ್ತೇವೆ. ನನ್ನ ಕೂದಲು ಕುತ್ತಿಗೆ ದಾಟಿ ಬೆಳೆದಿದೆ. ಅವಳ ಕಣ್ಣು ಒಂದೊಂದು ಸಲ ಅಲ್ಲಿಗೆ ಹೋಗುವುದು ನನಗೆ ಗೊತ್ತಾಗುತ್ತದೆ. ಕತ್ತರಿಸು ಎಂದು ನಾನು ಕೇಳಿಲ್ಲ, ಕತ್ತರಿಸಲೇ ಎಂದು ಅವಳೂ ಕೇಳಿಲ್ಲ.