ಬೋಣಿ ಆದಮೇಲೆ ಬರ್ರಿ

ಹೊಸಪೇಟೆಯ ಮೊದಲ ಬೆಳಗಿನಲ್ಲಿ ನನ್ನನ್ನು ಎಬ್ಬಿಸಿದ್ದು ನೀರಿನ ಸದ್ದು. ಯಾರೋ ನಲ್ಲಿ ಮುಚ್ಚದೆ ಮಲಗಿದ್ದಾರೆಂದು ಗಾಬರಿಯಿಂದ ಎದ್ದು ಅಡುಗೆಮನೆ, ಬಚ್ಚಲು ಎಲ್ಲ ತಡಕಾಡಿದೆ. ಎಲ್ಲೂ ಒಂದು ಹನಿ ತೊಟ್ಟಿಕ್ಕುತ್ತಿರಲಿಲ್ಲ, ಸದ್ದು ಮಾತ್ರ ನಿಲ್ಲಲೊಲ್ಲದು. ಹಿತ್ತಲ ಬಾಗಿಲು ತೆಗೆದರೆ ಗೋಡೆಯಾಚೆ ಕಾಲುವೆ ತುಂಬಿ ಹರಿಯುತ್ತಿತ್ತು. ಒಬ್ಬರೂ ಕೊಡ ಹಿಡಿದು ನಿಂತಿರಲಿಲ್ಲ. ನಮ್ಮೂರು ವಡ್ಡುವಿನಲ್ಲಿ ಒಂದು ಕೊಡ ನೀರು ತುಂಬುವಷ್ಟರಲ್ಲಿ ಬಾವಿಕಟ್ಟೆಯ ಮೇಲೆ ಊರ ಸುದ್ದಿಯೆಲ್ಲ ಮುಗಿಯುತ್ತಿತ್ತು.

"ಇಷ್ಟು ನೀರು ಹಿಂಗ ಹೋಗಾಕ ಬಿಡ್ತಾರೇನ್ರಿ?" ಎಂದು ಮನೆಯೊಡತಿ ಸುಬ್ಬಮ್ಮನವರನ್ನು ಕೇಳಿದೆ.

ಅವರು ನಕ್ಕುಬಿಟ್ಟರು. "ಅದನ್ನ ಮುಚ್ಚಾಕ ನಿನ್ನ ಕೈಲಿ ಆಗಂಗಿಲ್ಲಮ್ಮ. ಡ್ಯಾಮಿನೋರಿಗೇ ಹೇಳ್ಬೇಕು!"

ಮಕ್ಕಳೇ, ಮೊನ್ನೆ ನೀವಿಬ್ಬರೂ ನಿಮ್ಮ ಹೊಸ ಕಂಪನಿಯ ಚಿಂತೆಯಲ್ಲಿ ಮುಖ ಸಣ್ಣ ಮಾಡಿಕೊಂಡು ಕುಳಿತಿದ್ದಿರಿ. ಸಾಫ್ಟ್‌ವೇರ್ ಚೆನ್ನಾಗಿದೆ, ಕೊಳ್ಳುವವರೇ ಇಲ್ಲ ಎಂದಿರಿ. ಆಗಲೇ ಇದನ್ನು ಹೇಳಬೇಕೆನಿಸಿತು. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರ ಇದಕ್ಕೆ ಸಾಲುತ್ತದೆ.

ಅದು ತೊಂಬತ್ತರ ದಶಕದ ಆರಂಭ. ನಿಮ್ಮ ತಾತ ತೀರಿಕೊಂಡಿದ್ದರು. ನಿಮ್ಮ ಅಮ್ಮ ರೇಣುಕಾ ಬಳ್ಳಾರಿಯಲ್ಲಿ ಕಂಪ್ಯೂಟರ್ ಕಲಿತು ಬಂದು, ಅಂಗಡಿಕಾರರ ಲೆಕ್ಕ ಇಡುವ ಒಂದು ಪ್ರೋಗ್ರಾಮ್ ಬರೆದಿದ್ದಳು. ನನ್ನ ಬಂಗಾರ ಮಾರಿ ಅವಳಿಗೊಂದು ಕಂಪ್ಯೂಟರ್, ಪ್ರಿಂಟರ್ ಕೊಂಡೆವು. ಕಾಲುವೆ ಬಂದ ಮೇಲೆ ಭತ್ತ, ಕಬ್ಬು, ಬಾಳೆಯಿಂದ ಹೊಸಪೇಟೆ ಬೆಳೆದಿದೆ, ವ್ಯಾಪಾರ ಅಲ್ಲಿದೆ ಎಂದು ದಸರೆ ಮುಗಿಸಿ ಹೊರಟೆವು. ನಮ್ಮ ಭಾವನವರು, ಅಂದರೆ ನಿಮ್ಮ ತಾತನ ಅಣ್ಣ, ಬಸ್ಸಿನ ಹತ್ತಿರ ಬಂದು ಖಡಾಖಂಡಿತ ಹೇಳಿದರು: "ಸಂಕ್ರಾಂತಿತನಕ ನೋಡ್ರಿ. ಅಷ್ಟರಾಗ ಒಬ್ಬ ಗಿರಾಕಿನೂ ಸಿಗ್ಲಿಲ್ಲಂದ್ರ ಸುಮ್ನ ವಾಪಸ್ ಬರ್ರಿ. ಕುರೆಕುಪ್ಪದ ಗಂಡಿನ ಕಡಿಯೋರು ಭಾಳ ದಿನ ಕಾಯಂಗಿಲ್ಲ." ರೇಣುಕಾ ಕಿಟಕಿಯಾಚೆ ನೋಡುತ್ತ ಕುಳಿತಳು. ಆ ಮದುವೆ ಅವಳಿಗೆ ಬೇಕಿರಲಿಲ್ಲ, ಅದು ನನಗೆ ಗೊತ್ತಿತ್ತು.

ಊರಲ್ಲಿ ಬಟ್ಟೆಗೆ ಕೆಂಪು ಧೂಳು ಮೆತ್ತುತ್ತಿತ್ತು, ಇಲ್ಲಿ ಗೋಡೆಗೆ ತೇವ. ಊರಲ್ಲಿ ಜೋಳದ ರೊಟ್ಟಿ, ಇಲ್ಲಿ ಮೂರು ಹೊತ್ತೂ ಅನ್ನ. ಉಂಡರೂ ಉಂಡಂತೆ ಆಗುತ್ತಿರಲಿಲ್ಲ. ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ "ಗಂಡಸರು ಯಾರದಾರ?" ಎಂಬ ಪ್ರಶ್ನೆ. ಸುಬ್ಬಮ್ಮ ಒಬ್ಬರೇ "ಗಂಡಸರಿಲ್ಲಂದ್ರ ಬೀಡಿ ಹೊಗೆನೂ ಇಲ್ಲ" ಎಂದು ಬೀಗದ ಕೈ ಕೊಟ್ಟರು. ಅವರದು ತೆಲುಗು ಮನೆಮಾತು. ಒಂದು ದಿನ ಗೋಂಗೂರ ಪಚ್ಚಡಿ ಎಂದು ಏನೋ ತಂದುಕೊಟ್ಟರು. ಪಚ್ಚಡಿ ಎಂದರೆ ಚಟ್ನಿ. ಬಾಯಿಗಿಟ್ಟರೆ ನಮ್ಮ ಪುಂಡಿ ಸೊಪ್ಪು! ಪರಸ್ಥಳದಲ್ಲಿ ತವರಿನವರು ಎದುರಾದಂತೆ ಕಣ್ಣು ತುಂಬಿತು.

ಹರೆಯದ ಹುಡುಗಿ ಒಬ್ಬಳೇ ಅಂಗಡಿಗಳಿಗೆ ಹೋದರೆ ಜನ ಆಡಿಕೊಳ್ಳುತ್ತಾರೆಂದು ನಾನೂ ಜೊತೆಗೆ ಹೊರಟೆ. ಬೆಳಿಗ್ಗೆ ಬೇಗ ಹೋದರೆ ಸಾಹುಕಾರರು ಸಿಗುತ್ತಾರೆ ಎಂಬುದು ಅವಳ ಲೆಕ್ಕಾಚಾರ. ಮೊದಲು ಹೋಗಿದ್ದು ಒಂದು ಗೊಬ್ಬರದ ಅಂಗಡಿಗೆ. ಮಾಲೀಕರು ಊದುಬತ್ತಿ ಬೆಳಗುತ್ತಿದ್ದವರು ನನ್ನ ಬರಿ ಹಣೆ ನೋಡಿ ಮುಖ ತಿರುಗಿಸಿದರು. "ಇನ್ನಾ ಬೋಣಿ ಆಗಿಲ್ಲಮ್ಮ. ಆಮ್ಯಾಲೆ ಬರ್ರಿ." ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಅದಕ್ಕೆ ಮುಂಚೆ ವಿಧವೆಯ ಮುಖ ನೋಡಬಾರದು. ಮುಂದಿನ ಅಂಗಡಿಯಲ್ಲೂ ಅದೇ ಮಾತು. ಅದರ ಮುಂದಿನದರಲ್ಲಿ ನಾವು ಮೆಟ್ಟಿಲು ಇಳಿಯುತ್ತಿದ್ದಂತೆ ಗುಮಾಸ್ತ ಹೊಸ್ತಿಲಿಗೆ ನೀರು ಚಿಮುಕಿಸಿದ.

ರೇಣುಕಾಗೆ ಆಗ ಅರ್ಥವಾಯಿತು. ಬೀದಿಯಲ್ಲೇ ಸಿಡಿದಳು. "ಇಂಥೋರಿಗೆ ನಾ ಮಾರಂಗಿಲ್ಲ!"

"ನಾ ಮನ್ಯಾಗ ಇರ್ತೀನಿ. ಸುಬ್ಬಮ್ಮಾರನ್ನ ಕರಕಂಡು ಹೋಗು," ಎಂದೆ.

"ನೀ ಬರ್ಲಿಲ್ಲಂದ್ರ ನಾನೂ ಹೋಗಂಗಿಲ್ಲ."

ಅವಳ ಹಟ ನನ್ನ ಹೊಟ್ಟೆಯಿಂದಲೇ ಬಂದದ್ದು. ಅಂದು ಅಕ್ಕಿ ಆರಿಸುತ್ತ ಯೋಚಿಸಿದೆ. ಬೋಣಿ ಆದಮೇಲೆ ಬರ್ರಿ ಎಂದರಲ್ಲ, ಹಾಗೇ ಹೋಗೋಣ. ಊಟವಾದ ಮೇಲೆ, ಬಿಸಿಲು ನೆತ್ತಿ ದಾಟಿದ ಮೇಲೆ ಹೋಗೋಣ.

ಅದೇ ನಮ್ಮನ್ನು ಉಳಿಸಿತು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರುವುದಿಲ್ಲ. ಸಾಹುಕಾರರು ತೂಕಡಿಸುತ್ತ, ಆಕಳಿಸುತ್ತ ಮಾತಿಗೆ ಸಿಗುತ್ತಾರೆ. ಬೆಳಿಗ್ಗೆ ಅವರು ತಮ್ಮ ದೊಡ್ಡಸ್ತಿಕೆ ಹೇಳುತ್ತಾರೆ, ಮಧ್ಯಾಹ್ನ ತಮ್ಮ ತಾಪತ್ರಯ ಹೇಳಿಕೊಳ್ಳುತ್ತಾರೆ. ಆದರೂ ಲೆಕ್ಕದ ಪ್ರೋಗ್ರಾಮ್ ಯಾರಿಗೂ ಬೇಡ. ಕಂಪ್ಲಿ ರಸ್ತೆಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ವೀರಭದ್ರಪ್ಪನವರಂತೂ ಕೈಮುಗಿದರು. "ತಂಗೀ, ನನ್ನ ಲೆಕ್ಕ ನನ್ನ ಹೆಂಡ್ತಿಗೇ ತೋರ್ಸಿಲ್ಲ. ನಿನ್ನ ಡಬ್ಬಿಗೆ ತೋರ್ಸಲೇನು?"

ರೇಣುಕಾ ಬಿಡದೆ ವಿವರಿಸುತ್ತಿದ್ದಳು. ಅವಳು ದಿನಾ ಅಲ್ಲಿಗೆ ಹೋದಳು, ನಾನು ದಿನಾ ಹೊರಗಿನ ಬೇವಿನ ನೆರಳಲ್ಲಿ ಕುಳಿತೆ. ಸುಗ್ಗಿ ಶುರುವಾಗಿತ್ತು. ಭತ್ತ ಹೇರಿದ ಬಂಡಿ, ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ನಿಂತಿರುತ್ತಿದ್ದವು. ಸರದಿಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಯಾರೋ ಅಳಿಸುವರು, ಗುಮಾಸ್ತನ ನೆಂಟರ ಹೆಸರು ಮೇಲೇರುವುದು, ಜಗಳ ಹತ್ತುವುದು.

"ಲೇ, ನಾ ನಿನ್ನೆ ಬಂದೀನಿ!"

"ನಿನ್ನೆ ಬಂದೋನು ಎಲ್ಲಿಗೆ ಹೋಗಿದ್ದಿ?"

"ಉಣ್ಣಾಕ ಹೋಗಬಾರದೇನು?"

ಮಲಪನಗುಡಿಯ ಒಬ್ಬ ರೈತ ನನ್ನ ಪಕ್ಕ ಕುಕ್ಕರಿಸಿ, "ಭತ್ತ ಬೆಳಿಯೋದು ಸುಲಭ ಯವ್ವಾ, ಇಲ್ಲಿ ಕಾಯೋದಾ ಕಷ್ಟ" ಎಂದ. ಸರದಿ ತಪ್ಪೀತೆಂಬ ಭಯಕ್ಕೆ ಅವನು ಬಂಡಿ ಬಿಟ್ಟು ಕದಲುತ್ತಿರಲಿಲ್ಲ. ಒಳಗೆ ವೀರಭದ್ರಪ್ಪನವರು ಜಗಳ ಬಿಡಿಸಲು ದಿನಕ್ಕೆ ಹತ್ತು ಸಲ ಚಪ್ಪಲಿ ಮೆಟ್ಟುತ್ತಿದ್ದರು.

ಆ ದಿನ ಮನೆಗೆ ಬಂದು ಹೇಳಿದೆ. "ರೇಣುಕಾ, ಆ ಯಪ್ಪಗ ಲೆಕ್ಕ ಬೇಕಿಲ್ಲ. ಜಗಳ ನಿಲ್ಲಬೇಕಾಗೈತಿ. ನಿನ್ನ ಕಂಪ್ಯೂಟರ್‌ಗೆ ಸರದಿ ಹೇಳಾಕ ಬರ್ತೈತೇನು?"

"ವರ್ಷಗಟ್ಟಲೆ ಕುಂತು ಬರೆದಿದ್ದನ್ನ ಬಿಟ್ಟು ಸರದಿ ಚೀಟಿ ಮಾಡ್ಲಾ?"

"ಕಾಲಿಗೆ ಹತ್ತದ ಚಪ್ಪಲಿ ಎಷ್ಟು ಚೆಂದಿದ್ರೇನು?"

ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಕೇಳಿದಳು: "ಒಂದು ಚೀಲ ಗಿರಣಿಗೆ ಹಾಕಾಕ ಎಷ್ಟೊತ್ತು ಬೇಕಮ್ಮ?"

ಹೀಗೆ ಸರದಿ ಚೀಟಿ ಹುಟ್ಟಿತು. ರೈತನ ಹೆಸರು, ಊರು, ಚೀಲ ಎಷ್ಟು ಎಂದು ಹಾಕಿದರೆ, ಮುಂದಿರುವವರ ಚೀಲಗಳನ್ನೆಲ್ಲ ಲೆಕ್ಕ ಹಿಡಿದು, ಅವನ ಸರದಿ ಯಾವ ಹೊತ್ತಿಗೆ ಬರುತ್ತದೆಂದು ಕನ್ನಡದಲ್ಲಿ ಅಚ್ಚಾಗುತ್ತಿತ್ತು. "ಈ ಸುಗ್ಗಿ ಪುಕ್ಕಟೆ ನಡೆಸಿ ನೋಡ್ರಿ" ಎಂದು ವೀರಭದ್ರಪ್ಪನವರನ್ನು ಒಪ್ಪಿಸಿದೆವು. ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಜಟಕಾ ಗಾಡಿಯಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಗಿರಣಿಗೆ ಒಯ್ದೆ.

ಮೊದಲ ದಿನ ಚೀಟಿ ಹಿಡಿದವರು ಒಬ್ಬರೂ ಕದಲಲಿಲ್ಲ. ಕಾಗದವನ್ನು ನಂಬಿ ಬಂಡಿ ಬಿಟ್ಟು ಯಾರು ಹೋಗುತ್ತಾರೆ? ರೇಣುಕಾ ಯಂತ್ರದ ಮುಂದಿದ್ದಳು. ಹೊರಗೆ ಹೇಳುವವಳು ನಾನೊಬ್ಬಳೇ. ಸೆರಗು ಬಿಗಿಹಿಡಿದು ಅಷ್ಟು ಗಂಡಸರ ನಡುವೆ ನಿಂತೆ. ಮಲಪನಗುಡಿಯ ಆ ರೈತನಿಗೇ ಹೇಳಿದೆ. "ಯಣ್ಣಾ, ನೀ ಮನಿಗೆ ಹೋಗಿ ಉಂಡು ಬಾ. ನಿನ್ನ ಬಂಡಿ ಹತ್ರ ನಾ ಕುಂದ್ರತೀನಿ. ನಿನ್ನ ಸರದಿ ತಪ್ಪಿದ್ರ ನನ್ನ ಕೇಳು."

ಅವನು ಅನುಮಾನಿಸುತ್ತಲೇ ಹೋದ. ಹೇಳಿದ ಹೊತ್ತಿಗೆ ಬಂದ. ಅವನ ಚೀಲಗಳನ್ನು ಆಗಷ್ಟೇ ಇಳಿಸುತ್ತಿದ್ದರು. "ಮಸ್ತ್ ಐತಲ್ಲಲೇ ಇದು!" ಎಂದು ಚೀಟಿಯನ್ನು ರುಮಾಲಿಗೆ ಸಿಕ್ಕಿಸಿಕೊಂಡ. ಆಮೇಲೆ ಹೇಳಿಕೊಂಡು ತಿರುಗುವ ಕೆಲಸ ನಮಗಿರಲಿಲ್ಲ. ರೈತರೇ ಬೇರೆ ಗಿರಣಿಗಳಿಗೆ ಹೋಗಿ, "ನಿಮ್ಮಲ್ಲಿ ಸರದಿ ಚೀಟಿ ಇಲ್ಲೇನ್ರಿ?" ಎಂದು ಕೇಳತೊಡಗಿದರು.

ಸಂಕ್ರಾಂತಿಗೆ ಭಾವನವರು ಬಂದರು. ರೇಣುಕಾಳನ್ನು ಕರೆತರಲು ಸೀದಾ ಗಿರಣಿಗೆ ಹೋದರು. ಸಂಜೆ ಮನೆಗೆ ಬಂದವರ ಕೈಯಲ್ಲಿ ಒಂದು ಚೀಟಿ ಇತ್ತು. ಅವರ ಮುಂದೆ ನಾನು ಎಂದೂ ಮಾತಾಡಿದವಳಲ್ಲ, ಬಾಗಿಲ ಮರೆಯಲ್ಲಿ ನಿಂತೆ.

"ನೋಡವ್ವ," ಎಂದರು. "ನಾ ಆಕಿ ದೊಡ್ಡಪ್ಪ ಅಂದ್ರೂ ಒಳಗ ಬಿಡವಲ್ರು. ಸಾಲಿನ್ಯಾಗ ಬರ್ರಿ ಅಂತಾರ! ಚೀಟಿ ಕೊಟ್ರು, ಚಾ ಕುಡುದು ಬರ್ರಿ ಅಂದ್ರು. ಹೇಳಿದ ಹೊತ್ತಿಗೆ ಸರಿಯಾಗಿ ಕರದ್ಳು ನೋಡು ನಿನ್ನ ಮಗಳು. ಮುಂದಿನ ಸುಗ್ಗಿಗೆ ಕಂಪ್ಲಿ ಗಿರಣಿಯೋರೂ ರೊಕ್ಕ ಕೊಡ್ತೀವಿ ಅಂತ ಕರದಾರಂತ?"

"ಹೂಂರಿ," ಎಂದೆ. ಅಷ್ಟೇ ಹೇಳಬೇಕೆಂದಿದ್ದೆ. ಆದರೆ ಬಾಯಿ ನಿಲ್ಲಲಿಲ್ಲ. "ನಾವು ವಾಪಸ್ ಬರಂಗಿಲ್ರಿ ಭಾವ."

ಅವರು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. "ಕುರೆಕುಪ್ಪದೋರಿಗೆ ನಾ ಹೇಳ್ತೀನಿ ಬಿಡು," ಎಂದು ಎಳ್ಳು ಬೆಲ್ಲಕ್ಕೆ ಕೈ ಚಾಚಿದರು.

ಮರುವರ್ಷ ಆ ಗೊಬ್ಬರದಂಗಡಿಯ ಮಾಲೀಕರೂ ತಮಗೆ ಕಂಪ್ಯೂಟರ್ ಬೇಕೆಂದು ಹೇಳಿಕಳಿಸಿದರು, ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದಂತೆ ಬರಬೇಕಂತೆ. ಮಧ್ಯಾಹ್ನ ಬರುತ್ತೇನೆಂದು ಹೇಳಿಸಿದೆ. ಅದರಲ್ಲಿ ಸೇಡು ಸ್ವಲ್ಪ ಇತ್ತು, ಸುಳ್ಳೇಕೆ ಹೇಳಲಿ? ಆದರೆ ಅವರಿಗೆ ನಿಜವಾಗಿ ಬೇಕಾದದ್ದು ಏನೆಂದು ಮಧ್ಯಾಹ್ನವೇ ತಿಳಿಯುತ್ತದೆ ಎಂಬುದೂ ಅಷ್ಟೇ ನಿಜ. ನೀವೂ ಗಿರಾಕಿಯ ಬೇವಿನ ಮರ ಹುಡುಕಿ, ಅದರ ಕೆಳಗೆ ಬಾಯಿ ಮುಚ್ಚಿ ಕೂರಿ.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದಾಗ ಈ ಮನೆ ವಡ್ಡುವಿನಂತೆ ಸುಮ್ಮನಾಗುತ್ತದೆ. ಬಾವಿಕಟ್ಟೆ, ಅಲ್ಲಿನ ಹೆಂಗಸರ ನಗು ನೆನಪಾಗುತ್ತವೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಹಾಗೆಂದು ಊರಿಗೆ ಹೋದರೆ ಅಲ್ಲೂ ಅದೇ ಕಥೆ, ನೀರಿನ ಸದ್ದಿಲ್ಲದೆ ಹೊರಳಾಡುತ್ತೇನೆ. ಮತ್ತೆ ಕಾಲುವೆಗೆ ನೀರು ಬಿಟ್ಟ ದಿನ ಜೀವಕ್ಕೆ ಹಾಯೆನಿಸಿ ಮಲಗುತ್ತೇನೆ. ಬೆಳಗಾಗುತ್ತಲೇ ಎದ್ದು, ನಲ್ಲಿ ಮುಚ್ಚಿದೆಯೇ ಎಂದು ಇವತ್ತಿಗೂ ಒಮ್ಮೆ ನೋಡಿ ಬರುತ್ತೇನೆ.