ಎಡಗೆನ್ನೆಯ ಮಚ್ಚೆ ಹೊತ್ತು ಕಾಸರಗೋಡಿಗೆ ಮೂರು ದಿನ

ಬಾಯಾರಿನಿಂದ ಉಪ್ಪಳಕ್ಕೆ ಬೆಳಗ್ಗಿನ ಬಸ್ಸಿಗೆ ಇಪ್ಪತ್ತೆಂಟು ರೂಪಾಯಿ ಕೊಟ್ಟು ಹೊರಟೆ. ಕೈಯಲ್ಲಿ ಎರಡು ಸೀರೆಯ ಚೀಲ, ಸರಕಾರದ ಆರ್ಡರಿನ ಪ್ರತಿ, ಮತ್ತು ಯಾರಿಗೂ ಹೇಳದ ಒಂದು ಹೆದರಿಕೆ. ನಾನು ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್. ಇಪ್ಪತ್ತೆರಡು ವರ್ಷದಿಂದ ಮನೆಮನೆಗೆ ಹೋಗಿ ಬೀಡಿ ಬಿಡಿ, ಕುಡಿತ ಬಿಡಿ ಎಂದು ಹೇಳಿಕೊಂಡು ಬಂದವಳು. ಅಷ್ಟೇ ವರ್ಷದಿಂದ ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ತಿನ್ನುವವಳೂ ಹೌದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನಾಲ್ಕು ತಿಂಗಳ ಹಿಂದೆ ಎಡಗೆನ್ನೆಯ ಒಳಗೆ ನಾಲಿಗೆಗೆ ಒಂದು ದೊರಗು ಸಿಕ್ಕಿತು. ಕನ್ನಡಿಯ ಮುಂದೆ ಬಾಯಿ ಅಗಲಿಸಿ ನೋಡಿದರೆ ಬೆರಳುಗುರಿನಷ್ಟು ಬಿಳಿ ಮಚ್ಚೆ. ನನ್ನ ಚಿಕ್ಕಮ್ಮ ಬಾಯಿಯ ಕ್ಯಾನ್ಸರಿನಲ್ಲಿ ತೀರಿಕೊಂಡವರು. ಕೊನೆಗೆ ಗಂಜಿಯ ತಿಳಿಯನ್ನೂ ನುಂಗಲಾಗದೆ ಹೋದರು. ಹಾಗಾಗಿ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟು ಕೆಲಸಕ್ಕೆ ಹೋದೆ. ಗಂಡನಿಗೂ ಹೇಳಲಿಲ್ಲ. ಸಿಸ್ಟರಿಗೇ ಹೀಗೆ ಎಂದು ಊರು ನಗುವುದನ್ನು ನೆನೆದರೆ ಮಚ್ಚೆಗಿಂತ ಅದೇ ಹೆಚ್ಚು ಉರಿಯುತ್ತಿತ್ತು.

ಅಂಥ ಹೊತ್ತಿಗೆ ನಮ್ಮ ಡಾಕ್ಟರು ಒಂದು ಕಾಗದ ತೋರಿಸಿದರು. ಅಮಲು ಪದಾರ್ಥಗಳ ಚಟದ ಬಗ್ಗೆ ಜಿಲ್ಲೆಯಲ್ಲಿ ಒಂದು ವರ್ಷದ ಸಂಶೋಧನೆ. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವರಿಗೆ ಮೂರು ದಿನದ ತರಬೇತಿ. ಕನ್ನಡ, ತುಳು ಬಲ್ಲವರು ಬೇಕು. ಮೂರನೆಯ ದಿನದ ಪಟ್ಟಿಯಲ್ಲಿ 'ಬಾಯಿ ಪರೀಕ್ಷೆ ಮಾಡುವ ಕ್ರಮ' ಎಂದಿತ್ತು. ಅದನ್ನು ಓದಿದ್ದೇ ನಾನು ಹೂಂ ಅಂದೆ. ಕ್ರಮ ಕಲಿತು ಬಂದು ನನ್ನ ಬಾಯಿಯನ್ನು ನಾನೇ ಗುಟ್ಟಾಗಿ ನೋಡಿಕೊಳ್ಳುವಾ ಎಂಬ ಕಳ್ಳ ಆಲೋಚನೆ. ಸಂಶೋಧನೆಯ ಮೇಲಿನ ಪ್ರೀತಿ ಎಂದು ಡಾಕ್ಟರು ತಿಳಿದುಕೊಂಡರು, ಪಾಪ.

ಉಪ್ಪಳದಲ್ಲಿ ಹೆದ್ದಾರಿ ಅಗಲಗೊಂಡ ಮೇಲೆ ರಸ್ತೆ ದಾಟುವುದೇ ಒಂದು ಪ್ರಯಾಣ. ಸ್ಟೇಷನಿನಲ್ಲಿ ಹತ್ತು ರೂಪಾಯಿಯ ಟಿಕೆಟು ತೆಗೆದು ಲೋಕಲ್ ರೈಲಿನಲ್ಲಿ ನಿಂತೇ ಹೋದೆ. ಕಾಸರಗೋಡಿನಲ್ಲಿ ಇಳಿದಾಗ ಒಂಬತ್ತೂವರೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ತರಬೇತಿ ಕೇಂದ್ರ ಸ್ಟೇಷನಿನಿಂದ ನಡೆದು ಹೋಗುವಷ್ಟು ದೂರ. ಉಳಿಯಲು ಅಲ್ಲೇ ಹಾಸ್ಟೆಲು, ಬೆಳಗ್ಗೆ ಪುಟ್ಟು ಕಡಲೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಮತ್ತು ಬಂಗುಡೆ ಸಾರು. ಊಟದ ವಿಷಯದಲ್ಲಿ ದೂರುವ ಹಾಗಿಲ್ಲ.

ನಾವು ಇಪ್ಪತ್ತು ಮಂದಿ ಇದ್ದೆವು. ಕಲಿಸುವವರು ಹಲ್ಲಿನ ಡಾಕ್ಟರು, ನಲವತ್ತರ ಆಸುಪಾಸಿನ ಹೆಂಗಸು. ಮಲೆಯಾಳದಲ್ಲಿ ಶುರುಮಾಡಿ, ನಮ್ಮ ಮುಖ ನೋಡಿ ಕನ್ನಡಕ್ಕೆ ಬರುತ್ತಿದ್ದರು. ಅವರ ಕನ್ನಡ ಸ್ವಲ್ಪ ಕುಂಟುತ್ತಿತ್ತು, ಆದರೆ ಅರ್ಥವಾಗದೆ ಉಳಿದದ್ದು ಒಂದೂ ಇಲ್ಲ. ಚಟ ಎಂಬುದು ಗುಣದ ಕೇಡಲ್ಲ, ಮೆದುಳು ಕಲಿತುಬಿಟ್ಟ ಒಂದು ಪಾಠ. ಮರೆಸಲು ಬರುತ್ತದೆ, ಬೈದರೆ ಮರೆಯುವುದಿಲ್ಲ ಎಂದರು. ಇಷ್ಟು ವರ್ಷ ನಾನು ಮಾಡಿದ್ದು ಬೈಗುಳವೇ. ತಲೆ ತಗ್ಗಿಸಿ ಬರೆದುಕೊಂಡೆ.

ಮಧ್ಯಾಹ್ನದ ಮೇಲೆ ಇಬ್ಬಿಬ್ಬರಾಗಿ ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವ ಅಭ್ಯಾಸ. ನನಗೆ ಜೊತೆ ಸಿಕ್ಕವನು ಶಿಹಾಬ್, ಇದೇ ಜಿಲ್ಲೆಯ ಹೊಸದುರ್ಗದ ಕಡೆಯವನು, ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವನು. ಇಲ್ಲಿ ಒಂದು ವರ್ಷ ಕೆಲಸ ಮಾಡಿದರೆ ಮುಂದೆ ಪಿಎಚ್.ಡಿ.ಗೆ ಫೆಲೋಶಿಪ್ ಸಿಗುವ ದಾರಿ ಉಂಟು ಎಂದು ಲೆಕ್ಕ ಹಾಕಿ ಬಂದಿದ್ದ. ನನ್ನ ಲೆಕ್ಕ ಅವನಿಗೇನು ಗೊತ್ತು. ತಂಬಾಕು ಉಪಯೋಗಿಸುತ್ತೀರಾ ಎಂದು ಫಾರಂ ನೋಡಿ ಕೇಳಿದ. ಇಲ್ಲ ಅಂದೆ. ಅವನು ಇಲ್ಲ ಎಂದು ಗುರುತು ಹಾಕಿದ.

ಸುಳ್ಳೇ ಸೈ. ಆದರೆ ಪೂರ್ತಿ ಸುಳ್ಳು ಹೇಳಿದೆ ಎಂದು ನನಗೆ ಅನಿಸಲೂ ಇಲ್ಲ, ಅದೇ ತಮಾಷೆ. ನಮ್ಮ ಕಡೆ ತಂಬಾಕು ಎಂದರೆ ಬೀಡಿ, ಸಿಗರೇಟು, ಗಂಡಸರ ವಿಷಯ. ಎಲೆಯ ಮಡಿಕೆಯೊಳಗೆ ಹೋಗುವುದು ಎಲೆಯಡಿಕೆಯ ಲೆಕ್ಕಕ್ಕೆ. ಮದುವೆಯಲ್ಲೂ ಕೊಡುತ್ತಾರೆ, ಸತ್ತವರ ಬೊಜ್ಜದಲ್ಲೂ ಕೊಡುತ್ತಾರೆ. ಅದನ್ನು ಚಟ ಎಂದು ಕರೆದವರುಂಟಾ? ಹಾಗೆಂದು ಸಮಾಧಾನ ಹೇಳಿಕೊಂಡು ಚಹಾದ ಬಿಡುವಿನಲ್ಲಿ ಹಾಸ್ಟೆಲಿನ ಹಿಂದೆ ಹೋಗಿ ಎಲೆ ಹಾಕಿದೆ. ಸಂಜೆ ಗುಡುಗು ಬಂದು ಮಳೆ ಹೊಡೆಯಿತು. ಹೊತ್ತಿಗೆ ಮುಂಚೆ ಮಲಗಿದೆ, ನಾಲಿಗೆ ಮಾತ್ರ ಎಡಗೆನ್ನೆಗೆ ಹೋಗಿ ಹೋಗಿ ಬರುತ್ತಿತ್ತು.

ಎರಡನೆಯ ದಿನ ಮನೆಗಳಿಗೆ ಹೋಗುವ ಅಭ್ಯಾಸ. ನಮ್ಮಿಬ್ಬರ ಪಾಲಿಗೆ ನೆಕ್ರಾಜೆ. ಕಾಸರಗೋಡಿನಿಂದ ಬಸ್ಸಿನಲ್ಲಿ ಚೆರ್ಕಳಕ್ಕೆ, ಅಲ್ಲಿಂದ ಬದಿಯಡ್ಕದ ರಸ್ತೆ ಹಿಡಿದು ಒಳಗೆ. ಇಳಿದು ಅರ್ಧ ಗಂಟೆ ನಡೆದೆವು. ಹಿಂದಿನ ಸಂಜೆಯ ಮಳೆಗೆ ದಾರಿ ಜಾರುತ್ತಿತ್ತು, ಶಿಹಾಬನ ಹೊಸ ಶೂ ಕೆಂಪಾಯಿತು. ಮೊದಲ ಮೂರು ಮನೆಗಳಲ್ಲಿ ತಂಬಾಕು ಇಲ್ಲ, ಇಲ್ಲ, ಇಲ್ಲ. ಅವನಿಗೆ ಖುಷಿ, ಊರು ಬಹಳ ಒಳ್ಳೆಯದು ಎಂದ. ಮೂರೂ ಮನೆಯ ಜಗಲಿಯಲ್ಲಿ ಎಲೆಪೆಟ್ಟಿಗೆ ಇದ್ದದ್ದು ನನಗೆ ಕಂಡಿತ್ತು.

ನಾಲ್ಕನೆಯ ಮನೆಯಲ್ಲಿ ಒಬ್ಬ ಅಜ್ಜಿ, ಎಪ್ಪತ್ತು ದಾಟಿದವರು, ಹಿತ್ತಿಲಿನಲ್ಲಿ ಬಸಳೆ ಕೊಯ್ಯುತ್ತಿದ್ದರು. ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ತಂಬಾಕು ಉಂಟಾ ಎಂದು ಶಿಹಾಬ್ ಕೇಳಿದ. ಅಜ್ಜಿ ತುಟಿ ಕೆಂಪಗೆ ಮಾಡಿಕೊಂಡೇ, ಛೆ, ಅಂಥ ದುರಭ್ಯಾಸ ಈ ಮನೆಯಲ್ಲಿ ಯಾರಿಗೂ ಇಲ್ಲ ಎಂದರು. ಅವನು ಗುರುತು ಹಾಕಲು ಹೊರಟ. ನನಗೆ ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷ ಮನೆ ಸುತ್ತಿದ ಕಾಲು ಸುಮ್ಮನಿದ್ದರೂ ಬಾಯಿ ಸುಮ್ಮನಿರುವುದಿಲ್ಲ.

"ಅಜ್ಜಿ, ನೀವು ಎಲೆಗೆ ಎಂತೆಲ್ಲ ಹಾಕುವುದು?" ಎಂದು ತುಳುವಿನಲ್ಲಿ ಕೇಳಿದೆ.

ಅಜ್ಜಿಗೆ ಇದು ಮಾತಾಡಬಹುದಾದ ವಿಷಯ. ಎಲೆ ಎಂಥದ್ದಿರಬೇಕು, ಸುಣ್ಣ ಎಷ್ಟು, ಹಣ್ಣಡಿಕೆ ಒಳ್ಳೆಯದೋ ಒಣಗಿದ್ದು ಒಳ್ಳೆಯದೋ ಎಲ್ಲ ಹೇಳಿದರು. ಒಂದು ತುಂಡು ಹೊಗೆಸೊಪ್ಪು ಇಲ್ಲದಿದ್ದರೆ ಎಲೆ ಸಪ್ಪೆ ಎಂದರು. ದಿನಕ್ಕೆ ಎಂಟು ಸಲ, ರಾತ್ರಿ ಎಚ್ಚರವಾದರೆ ಒಂಬತ್ತು. ಬಿಡಲು ನೋಡಿದ್ದಾರಂತೆ, ಎರಡು ದಿನ ತಲೆ ಸುತ್ತಿ ಸೊಸೆಗೆ ಬೈದು ಮತ್ತೆ ಶುರು. ನಾನು ಕನ್ನಡದಲ್ಲಿ ಹೇಳಿದ್ದನ್ನು ಶಿಹಾಬ್ ಬಾಯಿ ತೆರೆದುಕೊಂಡು ಬರೆದ. ಫಾರಮಿನಲ್ಲಿ ಇಲ್ಲದ ಪ್ರಶ್ನೆಗೆ ಫಾರಮಿಗೆ ಬೇಕಾದ ಉತ್ತರವೆಲ್ಲ ಬಂದಿತ್ತು.

ಅಷ್ಟರಲ್ಲಿ ಅಜ್ಜಿ ಬಾಗಿ ನನ್ನ ಹಲ್ಲು ನೋಡಿದರು. ನಕ್ಕು, "ನೀನು ಯಾವ ಬದಿಯಲ್ಲಿ ಇಡುವುದು ಮಗಾ?" ಅಂದರು.

"ಎಡಬದಿ" ಅಂದುಬಿಟ್ಟೆ.

ಶಿಹಾಬನ ಪೆನ್ನು ನಿಂತಿತು. ಅವನಿಗೆ ತುಳು ಅಷ್ಟಕ್ಕಷ್ಟೆ, ಆದರೆ ನನ್ನ ಕೈ ಹೋಗಿ ಕೆನ್ನೆ ಮುಟ್ಟಿದ್ದನ್ನು ನೋಡಲು ತುಳು ಬೇಡವಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ನನ್ನ ಕತೆ. ಅಜ್ಜಿ ಎಲೆಪೆಟ್ಟಿಗೆ ಮುಂದೆ ತಳ್ಳಿದರು, ನಾನು ನೀರು ಕೇಳಿ ಕುಡಿದೆ.

ಹಿಂದೆ ಬರುವಾಗ ಬಸ್ಸಿನಲ್ಲಿ ಅವನು ಚೆರ್ಕಳದವರೆಗೆ ಶೂವಿನ ಮಣ್ಣು ಒರೆಸುತ್ತ ಕುಳಿತ. ಆಮೇಲೆ ಮೆಲ್ಲಗೆ, "ಸಿಸ್ಟರ್, ನಿನ್ನೆಯ ನಿಮ್ಮ ಫಾರಂ ತಿದ್ದಬೇಕಾ?" ಎಂದು ಕೇಳಿದ. ದೂರು ಹೇಳುವ ದನಿಯಲ್ಲ, ಎಂ.ಎ. ಮಾಡಿದವನ ದನಿಯೂ ಅಲ್ಲ. ನನ್ನ ತಮ್ಮ ಕೇಳಿದ ಹಾಗೆ ಕೇಳಿದ. ನಾನು ತಿದ್ದು ಅಂದೆ. ಮತ್ತೆ ಮಚ್ಚೆಯ ವಿಷಯವನ್ನೂ ಹೇಳಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅದು ನನ್ನ ಬಾಯಿಂದ ಹೊರಗೆ ಬಂದದ್ದು, ಕಂಡಕ್ಟರ್ ಚಿಲ್ಲರೆ ಕೊಡಿ ಎಂದು ಕೂಗುತ್ತಿರುವಾಗ. ಶಿಹಾಬ್ ಉಪದೇಶ ಮಾಡಲಿಲ್ಲ. ನಾಳೆ ಡಾಕ್ಟರ್ ಎಂಟೂವರೆಗೇ ಬರುತ್ತಾರೆ ಎಂದಷ್ಟೇ ಹೇಳಿದ.

ಮೂರನೆಯ ದಿನ ಎಂಟೂಕಾಲಿಗೇ ಬಾಗಿಲಲ್ಲಿ ನಿಂತಿದ್ದೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ನನಗೆ ಬಣ್ಣಕ್ಕಿಂತ ಜೀವದ ಚಿಂತೆ ಹತ್ತಿತ್ತು. ಡಾಕ್ಟರು ಬಂದವರೇ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿದರು. ಗ್ಲೌಸು ಹಾಕಿ, ಟಾರ್ಚು ಹಿಡಿದು, ಕೆನ್ನೆಯನ್ನು ಹೊರಗಿನಿಂದಲೂ ಒಳಗಿನಿಂದಲೂ ಒತ್ತಿ ನೋಡಿದರು. ಕುತ್ತಿಗೆ ಮುಟ್ಟಿದರು. ನಾನು ಕಣ್ಣು ಮುಚ್ಚಿ ಚಿಕ್ಕಮ್ಮನ ಗಂಜಿಯ ಬಟ್ಟಲನ್ನು ನೋಡುತ್ತಿದ್ದೆ.

"ಗಟ್ಟಿ ಇಲ್ಲ, ಹುಣ್ಣಿಲ್ಲ, ಗಂಟಿಲ್ಲ," ಎಂದರು. "ಹೊಗೆಸೊಪ್ಪು ಇಡುವ ಜಾಗದಲ್ಲಿ ಚರ್ಮ ದಪ್ಪ ಆದದ್ದು. ಇವತ್ತಿನಿಂದ ಬಿಡಿ. ಇಂಥದ್ದು ಹೆಚ್ಚಾಗಿ ತಾನೇ ಮಾಯುತ್ತದೆ. ಎರಡು ವಾರ ಬಿಟ್ಟು ಬನ್ನಿ. ಉಳಿದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುವಾ. ಭಯ ಬೇಡ, ತಡವೂ ಬೇಡ."

ನಾನು ಅತ್ತೆ. ಅಬ್ಬ, ಎಂಥ ಹಗುರ! ಪೂರ್ತಿ ಪಾಸಾಗಿಲ್ಲ, ಎರಡು ವಾರ ಉಂಟು ಎಂದು ಗೊತ್ತಿದ್ದರೂ ಹೋದ ಜೀವ ಬಂದಂತಾಯಿತು. ಸುಳ್ಳು ಫಾರಮಿನ ವಿಷಯ ಹೇಳಿ, ನನ್ನನ್ನು ಮನೆಗೆ ಕಳಿಸುತ್ತೀರಾ ಎಂದು ಕೇಳಿದೆ. ಡಾಕ್ಟರು ನಕ್ಕರು. ನಾನು ಅಜ್ಜಿಗೆ ಕೇಳಿದ ಪ್ರಶ್ನೆಯನ್ನು ಶಿಹಾಬ್ ಹಿಂದಿನ ದಿನವೇ ಅವರಿಗೆ ತೋರಿಸಿದ್ದನಂತೆ, ಅದನ್ನು ಎಲ್ಲರ ಫಾರಮಿಗೂ ಸೇರಿಸುವುದೆಂದು ಆಗಿತ್ತು. ಬಿಡುವುದು ಎಷ್ಟು ಕಷ್ಟ ಎಂದು ಗೊತ್ತಿರುವವರು ನಮಗೆ ಬೇಕು, ಕೆಲಸಕ್ಕೆ ನಿಮ್ಮ ಹೆಸರು ಬರೆದಾಗಿದೆ ಎಂದರು.

ಆಮೇಲೆ, ಒಪ್ಪಿಗೆಯಾದರೆ ನಿಮ್ಮ ಬಾಯಿಯನ್ನೇ ಇವತ್ತಿನ ಪಾಠಕ್ಕೆ ತೋರಿಸಲಾ ಎಂದು ಕೇಳಿದರು. ಗುಟ್ಟಾಗಿ ಕಲಿಯಲು ಬಂದವಳ ಬಾಯಿಯನ್ನು ಹತ್ತೊಂಬತ್ತು ಮಂದಿ ಸಾಲಾಗಿ ಟಾರ್ಚು ಹಿಡಿದು ನೋಡಿದರು. ಇನ್ನೂ ಸ್ವಲ್ಪ ಅಗಲ ಸಿಸ್ಟರ್ ಎಂದು ಒಬ್ಬಳು. ನಾಚಿಕೆ ಮೂರನೆಯವರ ಹೊತ್ತಿಗೆ ಮುಗಿದಿತ್ತು, ದವಡೆ ನೋವು ಮಾತ್ರ ಸಂಜೆಯವರೆಗೆ ಇತ್ತು. ಮಧ್ಯಾಹ್ನ ಗಂಡನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಮೊದಲೇ ಹೇಳಬಾರದಿತ್ತಾ ಎಂದು ಸಿಟ್ಟು ಮಾಡಿದರು. ಅವರ ಸಿಟ್ಟೂ ಅವತ್ತು ಚಂದವೇ ಕಂಡಿತು.

ನಾಲ್ಕರ ಹೊತ್ತಿಗೆ ಉಪ್ಪಳದಿಂದ ಬಾಯಾರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಸುಮತಿ ಬಂದು ಕುಳಿತಳು. ಉಪ್ಪಳದ ಅಂಗಡಿಯೊಂದರಲ್ಲಿ ಬಟ್ಟೆ ಹೊಲಿಯುವವಳು, ಅವಳ ಎರಡೂ ಮಕ್ಕಳಿಗೆ ಚುಚ್ಚುಮದ್ದು ಕೊಟ್ಟದ್ದು ನಾನೇ. ಬಸ್ಸು ಹೊರಟದ್ದೇ ಎಲೆಯ ಕಟ್ಟು ಬಿಚ್ಚಿ, ನಮ್ಮ ಕಡೆಯ ಕ್ರಮದಂತೆ ಮೊದಲು ನನಗೆ ಚಾಚಿದಳು. ಬೆಳಗ್ಗಿನಿಂದ ಒಂದು ಸಲವೂ ಹಾಕದ ಬಾಯಿ ಆ ವಾಸನೆಗೆ ನೀರಾಯಿತು, ಸುಳ್ಳು ಯಾಕೆ ಹೇಳಲಿ. ಬೇಡ ಅಂದೆ. ಉಪವಾಸವಾ ಎಂದು ಕೇಳಿದಳು.

ಉಪವಾಸ ಎಂದರೆ ಮುಗಿಯುತ್ತಿತ್ತು. ಆದರೆ ಹತ್ತೊಂಬತ್ತು ಮಂದಿ ನೋಡಿದ ಬಾಯಿ ಇನ್ನು ಯಾಕೆ ಮುಚ್ಚಬೇಕು? "ನನ್ನ ಕೆನ್ನೆಯೊಳಗೆ ಒಂದು ಬಿಳಿ ಮಚ್ಚೆ ಆಗಿದೆ ಸುಮತಿ, ಹೊಗೆಸೊಪ್ಪಿನಿಂದ," ಅಂದೆ. ಡಾಕ್ಟರು ಹೇಳಿದ್ದನ್ನು, ಎರಡು ವಾರದ ಮಾತನ್ನು ಹಾಗೆಯೇ ಹೇಳಿದೆ.

ಅವಳು ಕಟ್ಟು ಮುಚ್ಚಿ ಮಡಿಲಲ್ಲಿಟ್ಟಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು, "ಸಿಸ್ಟರ್, ನನಗೂ ಉಂಟು. ಆರು ತಿಂಗಳಾಯ್ತು. ಯಾರಿಗೂ ಹೇಳಲಿಲ್ಲ."

ಮೊಬೈಲಿನ ಬೆಳಕು ಹಾಕಿದೆ. ಬಸ್ಸು ಕುಲುಕುತ್ತಿತ್ತು, ಅವಳು ಎದುರಿನ ಸೀಟು ಹಿಡಿದು ಬಾಯಿ ತೆರೆದಳು. ಬಲಗೆನ್ನೆಯಲ್ಲಿ ಬಿಳಿಯದು ಕಂಡಿತು. ಅದು ಎಂಥದ್ದು ಎಂದು ಹೇಳುವುದು ನನ್ನ ಕೆಲಸವಲ್ಲ, ಅಷ್ಟನ್ನೂ ಕಲಿಸಿದ್ದರು. ನಾಳೆಯೇ ಕಾಸರಗೋಡಿನ ಡಾಕ್ಟರಿಗೆ ಫೋನು ಮಾಡುತ್ತೇನೆ, ಅವರು ಹೇಳಿದ ದಿನ ನಾನೇ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದವಳು ಬಿಡಲೇ ಇಲ್ಲ. ನೋಡುವಾಗ ನಮ್ಮ ಸ್ಟಾಪು ಹಿಂದೆ ಹೋಗಿತ್ತು. ಮುಂದಿನದರಲ್ಲಿ ಇಳಿದು ಇಬ್ಬರೂ ಹಿಂದಕ್ಕೆ ನಡೆದೆವು. ದಾರಿಯುದ್ದಕ್ಕೂ ಅವಳೇ ಮಾತಾಡಿದಳು. ಆರು ತಿಂಗಳ ಮಾತು ಇತ್ತು ಅವಳ ಹತ್ತಿರ.